ಡ್ರೈಯರ್ ಸುಡುತ್ತಿದೆಯೇ? ಮೊದಲು ಗಾಳಿಯ ದಾರಿ ನೋಡಿ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮನೆ ಕೊಂಡಾಗ ಜೊತೆಗೇ ಬಂದ ಎಲೆಕ್ಟ್ರಿಕ್ ಡ್ರೈಯರ್ ಇದೆ. ಸುಮಾರು ಹತ್ತು ವರ್ಷ ಹಳೆಯದು. ಮಹಡಿಯ ಮೇಲೆ, ಮನೆಯ ನಡುವಿನ ಕೋಣೆಯಲ್ಲಿದೆ. ಎರಡು ತಿಂಗಳಿಂದ ಬಟ್ಟೆ ವಿಪರೀತ ಬಿಸಿಯಾಗುತ್ತಿದೆ. ಪ್ಯಾಂಟಿನ ಝಿಪ್ ಮುಟ್ಟಿದರೆ ಕೈ ಸುಡುತ್ತದೆ. ಆದರೂ ದಪ್ಪ ಟವೆಲ್ ಒಣಗಲು ಎರಡು ಸುತ್ತು ಬೇಕು. ಒಂದು ದಿನ ಸೀದ ವಾಸನೆ ಬಂತು, ಆಮೇಲೆ ಬಿಸಿಯಾಗುವುದೇ ನಿಂತಿತು. ರಿಪೇರಿಯವರು ಬಂದು ಫ್ಯೂಸ್ ಬದಲಿಸಿದರು. ಐದು ವಾರಕ್ಕೆ ಮತ್ತೆ ಅದೇ ಆಗಿದೆ. ಡ್ರಮ್ ತಿರುಗುತ್ತದೆ, ಬಿಸಿ ಇಲ್ಲ. ಫ್ಯೂಸ್ ತಂದು ತಾವೇ ಹಾಕುತ್ತೇನೆ ಅನ್ನುತ್ತಿದ್ದಾರೆ ನಮ್ಮ ಯಜಮಾನರು. ಫ್ಯೂಸ್ ತೆಗೆದು ನೇರ ವೈರ್ ಕೊಟ್ಟರೂ ನಡೆಯುತ್ತದೆ ಎಂದು ಅವರ ಗೆಳೆಯರೊಬ್ಬರು ಹೇಳಿದ್ದಾರಂತೆ. ಊರಿಂದ ಅತ್ತೆ ಮಾವ ಬಂದಿದ್ದಾರೆ, ಬಟ್ಟೆ ಜಾಸ್ತಿ. ಹೊಸ ಡ್ರೈಯರ್ ಕೊಳ್ಳಬೇಕೇ? ಅಲ್ಲಿಯವರೆಗೆ ಹೊಸ ಫ್ಯೂಸ್ ಹಾಕಿ ಲೋ ಹೀಟ್‌ನಲ್ಲಿ ಬಳಸಬಹುದೇ?

ಉತ್ತರ: ಬಳಸಬೇಡಿ. ಲೋ ಹೀಟ್‌ನಲ್ಲೂ ಬೇಡ. ಇವತ್ತೇ ಪ್ಲಗ್ ಕಿತ್ತಿಡಿ. ನೇರ ವೈರ್ ಕೊಡುವ ಮಾತನ್ನಂತೂ ಮನೆಯಲ್ಲಿ ಯಾರೂ ಮತ್ತೆ ಎತ್ತಬಾರದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಒಂದು ಸಾಲು ನನಗೆ ಬಹಳ ಮುಖ್ಯವಾಗಿ ಕಂಡಿತು. ಬಟ್ಟೆ ಸುಡುವಷ್ಟು ಬಿಸಿ, ಆದರೆ ಟವೆಲ್ ಇನ್ನೂ ಹಸಿ. ಬಿಸಿ ಜಾಸ್ತಿಯಾಗಿದ್ದರೆ ಟವೆಲ್ ಬೇಗ ಒಣಗಬೇಕಿತ್ತು, ಅಲ್ವಾ? ಹಾಗಾಗುತ್ತಿಲ್ಲ ಅಂದರೆ ನಿಮ್ಮ ಡ್ರೈಯರ್‌ನಲ್ಲಿ ಬಹುಶಃ ಬಿಸಿ ಹೆಚ್ಚಾಗಿಲ್ಲ. ಗಾಳಿ ಕಡಿಮೆಯಾಗಿದೆ. ನಾನು ನೋಡಿದ ಬಿಸಿಯಾಗುವ ಡ್ರೈಯರ್‌ಗಳಲ್ಲಿ ಹೆಚ್ಚಿನವುಗಳ ಕಥೆ ಇದೇ.

ಮಲೆನಾಡಿನ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಚ್ಚಲೊಲೆಯ ಮೇಲೆ ತಂತಿ ಕಟ್ಟಿ ಬಟ್ಟೆ ಹರಡುತ್ತಾರೆ. ಕೆಳಗೆ ಬೆಂಕಿ ಧಗಧಗ ಉರಿಯುತ್ತಿದ್ದರೂ ಬಾಗಿಲು ಮುಚ್ಚಿದ ಬಚ್ಚಲಲ್ಲಿ ಪಂಚೆ ಬಿಸಿಯಾಗುತ್ತದೆ, ಹೊಗೆ ವಾಸನೆ ಹಿಡಿಯುತ್ತದೆ, ಒಣಗುವುದಿಲ್ಲ. ಸ್ವಲ್ಪ ಗಾಳಿಯಾಡಿದರೆ ಮಾತ್ರ ಗರಿಗರಿಯಾಗುತ್ತದೆ. ಬಿಸಿ ಮಾಡುವುದು ಬಟ್ಟೆಯ ನೀರನ್ನು ಆವಿ ಮಾಡುವ ಕೆಲಸ. ಆ ಆವಿಯನ್ನು ಹೊರಗೆ ಹೊತ್ತೊಯ್ಯುವುದು ಗಾಳಿ. ತೊಳೆದು ಹಿಂಡಿದ ಒಂದು ಸುತ್ತಿನ ಬಟ್ಟೆಯಲ್ಲಿ ಎರಡು ಮೂರು ಲೀಟರ್ ನೀರು ಉಳಿದಿರುತ್ತದೆ. ಅಷ್ಟೂ ನೀರು ಆವಿಯಾಗಿ ಗೋಡೆಯೊಳಗಿನ ಒಂದು ಕೊಳವೆಯ ಮೂಲಕ ಮನೆಯಿಂದ ಹೊರಗೆ ಹೋಗಬೇಕು.

ಅಮೆರಿಕದ ಎಲೆಕ್ಟ್ರಿಕ್ ಡ್ರೈಯರ್‌ನ ಹೀಟರ್ ಸಾಮಾನ್ಯವಾಗಿ 5,000 ವ್ಯಾಟ್‌ಗಿಂತ ಜಾಸ್ತಿ ಇರುತ್ತದೆ. ಊರಿನ ಬಚ್ಚಲಿನ ಗೀಸರ್ 2,000 ವ್ಯಾಟ್ ಅಂತ ಇಟ್ಟುಕೊಂಡರೆ, ಎರಡೂವರೆ ಗೀಸರ್ ಒಂದು ಸಣ್ಣ ಡಬ್ಬಿಯಲ್ಲಿ ಕೂತ ಹಾಗೆ. ಅದರ ಮೇಲೆ ಗಾಳಿ ರಭಸವಾಗಿ ಹಾದುಹೋಗುತ್ತಿರುವವರೆಗೆ ಎಲ್ಲ ಸರಿ. ದಾರಿ ಕಟ್ಟಿಕೊಂಡು ಗಾಳಿ ಅರ್ಧಕ್ಕಿಳಿದರೆ, ಅದೇ ಹೀಟರ್ ಆ ಅರ್ಧ ಗಾಳಿಯನ್ನು ವಿಪರೀತ ಕಾಯಿಸುತ್ತದೆ. ಆವಿ ಹೊರಗೆ ಹೋಗದೆ ಡ್ರಮ್ಮಿನಲ್ಲೇ ಸುತ್ತುತ್ತದೆ. ತೆಳು ಬಟ್ಟೆ ಬೇಗ ಒಣಗಿ ಸುಡತೊಡಗುತ್ತದೆ. ದಪ್ಪ ಟವೆಲ್ಲಿನ ಒಳಗೆ ಹಸಿ ಹಾಗೇ ಉಳಿಯುತ್ತದೆ. ನೀವು ಬರೆದದ್ದು ಇದನ್ನೇ.

ಈಗ ಆ ಫ್ಯೂಸ್ ವಿಷಯ. ಅದು ಮನೆಯ ಕರೆಂಟ್ ಫ್ಯೂಸ್‌ನಂತಲ್ಲ. ಕರೆಂಟ್ ಜಾಸ್ತಿ ಹರಿದರೆ ಹೋಗುವುದಲ್ಲ, ಬಿಸಿ ಜಾಸ್ತಿಯಾದರೆ ಹೋಗುವುದು. ಥರ್ಮಲ್ ಫ್ಯೂಸ್ ಅನ್ನುತ್ತಾರೆ. ಸಾಮಾನ್ಯವಾಗಿ ಗಾಳಿ ಹೊರದೂಡುವ ಬ್ಲೋವರ್‌ನ ಕವಚಕ್ಕೆ ಅಂಟಿಕೊಂಡಿರುತ್ತದೆ. ಹಲವು ಮಾಡೆಲ್‌ಗಳಲ್ಲಿ ಅದರ ಮಿತಿ 196 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 91 ಡಿಗ್ರಿ ಸೆಲ್ಸಿಯಸ್. ಅದು ಡ್ರೈಯರ್‌ನ ಮೊದಲ ಕಾವಲಲ್ಲ, ಕೊನೆಯ ಕಾವಲು. ದಿನನಿತ್ಯದ ಬಿಸಿಯನ್ನು ಹತೋಟಿಯಲ್ಲಿಡಲು ಒಂದು ಥರ್ಮೋಸ್ಟಾಟ್ ಇದೆ. ಹೀಟರ್ ಡಬ್ಬಿಯ ಮೇಲೆ ಇನ್ನೊಂದು ಹೈ ಲಿಮಿಟ್ ಥರ್ಮೋಸ್ಟಾಟ್ ಇದೆ. ಇವು ಬಿಸಿಯಾದಾಗ ಕರೆಂಟ್ ಕಡಿದು, ತಣಿದಾಗ ಮತ್ತೆ ಕೊಡುತ್ತವೆ. ಇವೆರಡನ್ನೂ ದಾಟಿ ಬಿಸಿ ಏರಿದಾಗ ಮಾತ್ರ ಥರ್ಮಲ್ ಫ್ಯೂಸ್ ಕಡಿಯುತ್ತದೆ. ಒಮ್ಮೆ ಕಡಿದರೆ ಮತ್ತೆ ಕೂಡುವುದಿಲ್ಲ. ಆ ಮೂರನೆಯ ಕಾವಲನ್ನು ತೆಗೆದು ವೈರ್ ಜೋಡಿಸಿದರೆ ಡ್ರೈಯರ್ ಓಡುತ್ತದೆ, ನಿಜ. ಆದರೆ ಮುಂದಿನ ಸಲ ಬಿಸಿ ಏರಿದಾಗ ನಿಲ್ಲಿಸುವವರು ಯಾರೂ ಇರುವುದಿಲ್ಲ. ನಿಮ್ಮ ಮನೆಯಲ್ಲಿ ಆ ಡ್ರೈಯರ್ ಇರುವುದು ಮಹಡಿಯ ಮೇಲೆ, ಮನೆಯ ನಡುವೆ. ವಯಸ್ಸಾದವರು ಮನೆಯಲ್ಲಿದ್ದಾರೆ. ದಯವಿಟ್ಟು ಇದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ.

ಐದು ವಾರಕ್ಕೆ ಎರಡನೇ ಫ್ಯೂಸ್ ಹೋದದ್ದೂ ಬಹುಶಃ ಗಾಳಿಯ ದಾರಿ ಕಟ್ಟಿಕೊಂಡದ್ದಕ್ಕೇ. ರಿಪೇರಿಯವರು ಫ್ಯೂಸ್ ಬದಲಿಸಿದರು, ಫ್ಯೂಸ್ ಯಾಕೆ ಹೋಯಿತು ಎಂದು ನೋಡಲಿಲ್ಲ. ಕಾರಣ ಹಾಗೇ ಉಳಿದಿದೆ. ಮೂರನೆಯದು ಹಾಕಿದರೂ ಹೋಗುತ್ತದೆ.

ಬೆಂಕಿಯ ಭಯವನ್ನು ಸುಮ್ನೆ ಹುಟ್ಟಿಸುತ್ತಿಲ್ಲ. ಬಟ್ಟೆ ಉಜ್ಜಿಕೊಂಡಾಗ ಉದುರುವ ಸಣ್ಣ ನಾರು, ಅಂದರೆ ಲಿಂಟ್, ಹೆಚ್ಚಿನ ಪಾಲು ಹತ್ತಿಯೇ. ದೇವರ ದೀಪಕ್ಕೆ ಹೂಬತ್ತಿ ಹೊಸೆಯುವ ಹತ್ತಿ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಅಂತ ನಿಮ್ಮ ಅತ್ತೆಯವರಿಗೆ ಗೊತ್ತು. ಅದೇ ಹತ್ತಿ ಇನ್ನೂ ಸಡಿಲವಾಗಿ, ಒಣಗಿ, ಬಿಸಿ ಕೊಳವೆಯಲ್ಲಿ ಕೂತಿರುತ್ತದೆ. ಅಮೆರಿಕದ ಅಗ್ನಿಶಾಮಕ ಆಡಳಿತ 2008ರಿಂದ 2010ರವರೆಗಿನ ಲೆಕ್ಕ ತೆಗೆದಾಗ, ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿ ಅನಾಹುತಗಳು ದಾಖಲಾಗಿದ್ದವು. ಸುಮಾರು 5 ಸಾವು, 100 ಜನರಿಗೆ ಗಾಯ. ಎಲ್ಲಕ್ಕಿಂತ ದೊಡ್ಡ ಕಾರಣ, ನೂರಕ್ಕೆ 34ರಷ್ಟು, ಸ್ವಚ್ಛ ಮಾಡದೇ ಇದ್ದದ್ದು. ಚಳಿಗಾಲದಲ್ಲಿ ಇವು ಜಾಸ್ತಿ, ಜನವರಿಯಲ್ಲಿ ಅತಿ ಹೆಚ್ಚು.

ಹುಡುಕುವುದನ್ನು ಸುಲಭದ ಕಡೆಯಿಂದ ಶುರು ಮಾಡೋಣ. ಬಾಗಿಲ ಹತ್ತಿರದ ಜಾಲರಿಯನ್ನು ನೀವು ಪ್ರತಿ ಸಲ ಒರೆಸುತ್ತಿರಬಹುದು. ಅದು ಸಾಲದು. ಬಟ್ಟೆ ಮೃದುವಾಗಲಿ ಅಂತ ಡ್ರೈಯರ್ ಶೀಟ್ ಹಾಕುವ ಅಭ್ಯಾಸ ಇದ್ದರೆ, ಅದರ ಮೇಣದಂಥ ಪದರ ಜಾಲರಿಯ ಕಣ್ಣುಗಳನ್ನು ಮುಚ್ಚುತ್ತದೆ. ನೋಡಿದರೆ ಸ್ವಚ್ಛವಾಗಿಯೇ ಕಾಣುತ್ತದೆ. ಜಾಲರಿಯನ್ನು ಸಿಂಕಿಗೆ ಒಯ್ದು ಮೇಲೆ ನೀರು ಬಿಡಿ. ನೀರು ಸರಾಗವಾಗಿ ಇಳಿದರೆ ಸರಿ. ಮೇಲೆಯೇ ನಿಂತರೆ ಗಾಳಿಯೂ ಹಾಗೇ ನಿಲ್ಲುತ್ತದೆ. ಪಾತ್ರೆ ತೊಳೆಯುವ ಸೋಪಿನ ಬಿಸಿನೀರಿನಲ್ಲಿ ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿಸಿ ಹಾಕಿ. ಜಾಲರಿ ಕೂರುವ ಸಂದಿಯೊಳಗೆ ಟಾರ್ಚ್ ಬಿಟ್ಟು ನೋಡಿ, ಅಲ್ಲೂ ಲಿಂಟ್ ಗುಡ್ಡೆಯಾಗಿರುತ್ತದೆ.

ಆಮೇಲೆ ಡ್ರೈಯರ್ ಹಿಂದೆ. ಇಬ್ಬರು ಸೇರಿ ಮೆಲ್ಲಗೆ ಮುಂದಕ್ಕೆ ಎಳೆಯಿರಿ. ಡ್ರೈಯರ್‌ನಿಂದ ಗೋಡೆಯವರೆಗೆ ಒಂದು ಬಾಗುವ ಕೊಳವೆ ಇರುತ್ತದೆ. ಬಿಳಿ ಪ್ಲಾಸ್ಟಿಕ್ ಅಥವಾ ತೆಳು ಬೆಳ್ಳಿ ಹಾಳೆಯಂಥದ್ದಾದರೆ ಕಿತ್ತು ಎಸೆಯಿರಿ. ಅವು ಜೋಲುತ್ತವೆ, ನೆರಿಗೆಗಳಲ್ಲಿ ಲಿಂಟ್ ಹಿಡಿಯುತ್ತವೆ. ಪ್ಲಾಸ್ಟಿಕ್ಕಿನದಂತೂ ಬೆಂಕಿ ಬಂದರೆ ಕರಗುತ್ತದೆ. ಗಟ್ಟಿ ಲೋಹದ, 4 ಇಂಚು ಅಡ್ಡಳತೆಯ ಕೊಳವೆ ಒಳ್ಳೆಯದು. ಜಾಗ ಇಲ್ಲದಿದ್ದರೆ ಅರೆಗಟ್ಟಿ ಅಲ್ಯೂಮಿನಿಯಂ ಕೊಳವೆ, ಎಷ್ಟು ಗಿಡ್ಡ ಸಾಧ್ಯವೋ ಅಷ್ಟು. ಜೋಡಣೆಗೆ ಒಳಗೆ ಚಾಚುವ ಸ್ಕ್ರೂ ಹೊಡೆಯಬಾರದು, ಅದರ ಮೊನೆಗೆ ಲಿಂಟ್ ಸಿಕ್ಕಿ ಬೆಳೆಯುತ್ತ ಹೋಗುತ್ತದೆ. ಲೋಹದ ಹಾಳೆಯ ಟೇಪ್ ಸಾಕು. ಬಟ್ಟೆಯ ಟೇಪ್ ಬಿಸಿಗೆ ಒಣಗಿ ಕಳಚಿಕೊಳ್ಳುತ್ತದೆ. ಇನ್ನೊಂದು ವಿಷಯ ಬಹಳ ಮನೆಗಳಲ್ಲಿ ಕಂಡಿದ್ದೇನೆ. ಸ್ವಚ್ಛ ಮಾಡಿ, ಡ್ರೈಯರನ್ನು ಹಿಂದಕ್ಕೆ ತಳ್ಳುವಾಗ ಕೊಳವೆ ಅಪ್ಪಚ್ಚಿಯಾಗುತ್ತದೆ. ಮುಂದಿನಿಂದ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಕೊಳವೆಯ ಬಾಗು ಕೂರುವಷ್ಟು ಜಾಗವನ್ನು ಹಿಂದೆ ಬಿಟ್ಟೇ ತಳ್ಳಬೇಕು.

ಹಾಗೇ ಆ ದೊಡ್ಡ ಪ್ಲಗ್ಗನ್ನೂ ನೋಡಿ. 240 ವೋಲ್ಟ್, 30 ಆಂಪಿಯರ್‌ನ ಪ್ಲಗ್ ಅದು. ಹಲ್ಲುಗಳ ಸುತ್ತ ಕಂದು ಕಲೆ ಅಥವಾ ಕರಗಿದ ಗುರುತು ಇದ್ದರೆ ನೀವು ಹೇಳಿದ ಸೀದ ವಾಸನೆ ಅಲ್ಲಿಯದೂ ಇರಬಹುದು. ಆಗ ಎಲೆಕ್ಟ್ರಿಷಿಯನ್ ಬರದೇ ಮುಂದಿನ ಹೆಜ್ಜೆ ಇಡಬೇಡಿ.

ಪ್ಲಗ್ ಚೆನ್ನಾಗಿದ್ದರೆ, ಬಿಸಿ ಬಾರದ ಈ ಸ್ಥಿತಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹಿಂದಿನ ಕೊಳವೆ ಕಳಚಿ. ಪ್ಲಗ್ ಹಾಕಿ, ಬಿಸಿ ಇಲ್ಲದ ಗಾಳಿಯ ಸೆಟ್ಟಿಂಗ್‌ನಲ್ಲಿ, ಬಟ್ಟೆ ಹಾಕದೆ ಐದು ನಿಮಿಷ ಓಡಿಸಿ. ಹಿಂದಿನ ಬಾಯಿಗೆ ಕೈ ಹಿಡಿಯಿರಿ. ಎಷ್ಟು ರಭಸ ಅಂತ ನೆನಪಿಟ್ಟುಕೊಳ್ಳಿ. ಈಗ ಕೊಳವೆ ಜೋಡಿಸಿ ಮತ್ತೆ ಓಡಿಸಿ, ಒಬ್ಬರು ಹೊರಗೆ ಹೋಗಿ, ಕೊಳವೆ ಹೊರಬರುವಲ್ಲಿ ಗೋಡೆಯ ಮೇಲಿರುವ ಮುಚ್ಚಳ ನೋಡಲಿ. ಒಳಗೆ ರಭಸವಾಗಿದ್ದ ಗಾಳಿ ಹೊರಗೆ ಮುಚ್ಚಳವನ್ನೂ ಎತ್ತದಿದ್ದರೆ ತಪ್ಪು ಯಂತ್ರದ್ದಲ್ಲ, ಗೋಡೆಯೊಳಗಿನ ಕೊಳವೆಯದು. ಹಿಂದಿನ ಬಾಯಲ್ಲೇ ಗಾಳಿ ನಿಸ್ತೇಜವಾಗಿದ್ದರೆ ಯಂತ್ರದ ಒಳಗೆ ನೋಡಬೇಕು. ಪರೀಕ್ಷೆ ಮುಗಿದ ಮೇಲೆ ಮತ್ತೆ ಪ್ಲಗ್ ಕಿತ್ತಿಡಿ.

ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಎಚ್ಚರಿಕೆ. ನಿಮ್ಮದು ಗ್ಯಾಸ್ ಡ್ರೈಯರ್ ಆಗಿದ್ದರೆ ಕೊಳವೆ ಕಳಚಿ ಓಡಿಸುವ ಈ ಪರೀಕ್ಷೆ ಮಾಡಲೇಬೇಡಿ. ಆ ಕೊಳವೆಯಲ್ಲಿ ಆವಿಯ ಜೊತೆ ಕಾರ್ಬನ್ ಮಾನಾಕ್ಸೈಡ್ ಕೂಡ ಹೊರಗೆ ಹೋಗುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮನೆಯೊಳಗೆ ತುಂಬಿದರೆ ಪ್ರಾಣ ತೆಗೆಯುತ್ತದೆ.

ಹೊರಗಿನ ಮುಚ್ಚಳದ ಹತ್ತಿರ ಹೋದಾಗ ಒಳಗೆ ಇಣುಕಿ. ಹಕ್ಕಿಗಳು ಗೂಡು ಕಟ್ಟಿರುತ್ತವೆ, ಬೆಚ್ಚಗಿನ ಜಾಗ ಅಲ್ವಾ. ಹಕ್ಕಿ ಬಾರದಿರಲಿ ಅಂತ ಕೆಲವರು ಸಣ್ಣ ಕಣ್ಣಿನ ಬಲೆ ಹೊಡೆಯುತ್ತಾರೆ. ಒಂದೆರಡು ತಿಂಗಳಲ್ಲಿ ಆ ಬಲೆಯೇ ಲಿಂಟ್‌ನಿಂದ ಮುಚ್ಚಿಹೋಗುತ್ತದೆ. ಅಲ್ಲಿ ಬಲೆ ಹಾಕಬಾರದು ಎಂದು ಕಟ್ಟಡ ನಿಯಮವೇ ಹೇಳುತ್ತದೆ.

ನಿಮ್ಮ ಮನೆಯ ವಿಷಯದಲ್ಲಿ ನನಗೆ ಹೆಚ್ಚು ಅನುಮಾನ ಇರುವುದು ಗೋಡೆಯೊಳಗಿನ ಕೊಳವೆಯ ಉದ್ದದ ಮೇಲೆ. ಡ್ರೈಯರ್ ಮನೆಯ ನಡುವೆ ಇದೆ ಅಂತ ಬರೆದಿದ್ದೀರಿ. ಹಿಂದಿನ ಕಾಲದಲ್ಲಿ ಡ್ರೈಯರ್ ನೆಲಮಾಳಿಗೆಯಲ್ಲೋ ಗರಾಜಿನಲ್ಲೋ, ಹೊರಗೋಡೆಗೆ ತಾಗಿ ಇರುತ್ತಿತ್ತು. ಎರಡು ಅಡಿ ಕೊಳವೆಯಲ್ಲಿ ಕೆಲಸ ಮುಗಿಯುತ್ತಿತ್ತು. ಈಗ ಬಟ್ಟೆ ಹೊತ್ತು ಇಳಿಯುವುದು ಬೇಡ ಅಂತ ಮಹಡಿಗೆ ತಂದರು. ಅನುಕೂಲವೇನೋ ಆಯಿತು, ಆದರೆ ಕೊಳವೆ ಉದ್ದವಾಯಿತು. ಅಮೆರಿಕದ ಮಾದರಿ ವಸತಿ ನಿಯಮದ ಪ್ರಕಾರ ಈ ಕೊಳವೆ ಹೆಚ್ಚೆಂದರೆ 35 ಅಡಿ. ಅದೂ ನೇರವಾಗಿದ್ದರೆ. ಪ್ರತಿ 90 ಡಿಗ್ರಿ ತಿರುವಿಗೆ ಸಾಮಾನ್ಯವಾಗಿ 5 ಅಡಿ ಕಳೆಯಬೇಕು, 45 ಡಿಗ್ರಿಯದಕ್ಕೆ ಎರಡೂವರೆ ಅಡಿ. ದೊಡ್ಡ ಬಾಗಿನ ನಯವಾದ ತಿರುವುಗಳಿಗೆ ಇಷ್ಟು ಕಳೆಯಬೇಕಾಗಿಲ್ಲ. ಒಂದು ಲೆಕ್ಕ ಮಾಡಿ ನೋಡೋಣ. ಮಧ್ಯದ ಕೋಣೆಯಿಂದ ಹೊರಗೋಡೆಗೆ 26 ಅಡಿ, ನಡುವೆ ಮೂರು ಚೂಪಾದ ತಿರುವು ಅಂತ ಇಟ್ಟುಕೊಳ್ಳಿ. 35ರಲ್ಲಿ 15 ಕಳೆದರೆ ಉಳಿಯುವುದು 20 ಅಡಿ. ಕೊಳವೆ ಇರುವುದು 26. ಅಂದರೆ ಹೊಸತಾಗಿ, ಒಳಗೆ ಒಂದೆಳೆ ಲಿಂಟ್ ಇಲ್ಲದಿದ್ದಾಗಲೂ ಅದು ಮಿತಿ ಮೀರಿದ್ದೇ. ಹತ್ತು ವರ್ಷದ ಲಿಂಟ್ ಸೇರಿದ ಮೇಲೆ ಕೇಳಬೇಕೇ? ಡ್ರೈಯರ್ ಜೊತೆ ಬಂದ ಕೈಪಿಡಿಯಲ್ಲಿ ಆ ಮಾಡೆಲ್ಲಿಗೆ ಎಷ್ಟು ಉದ್ದ ಆಗಬಹುದು ಅಂತ ಪಟ್ಟಿ ಇರುತ್ತದೆ. ಕೆಲವು ಮಾಡೆಲ್‌ಗಳಿಗೆ ಇನ್ನೂ ಜಾಸ್ತಿ ಬಿಟ್ಟಿರುತ್ತಾರೆ. ನಿಮ್ಮ ಮನೆಯದನ್ನು ಅಳೆದು, ತಿರುವು ಎಣಿಸಿ, ಆ ಪಟ್ಟಿಯ ಜೊತೆ ಹೋಲಿಸಿ.

ಉದ್ದ ಮಿತಿಯೊಳಗಿದ್ದರೆ ಸ್ವಚ್ಛ ಮಾಡಿಸಿದರೆ ಸಾಕು. ಡ್ರಿಲ್ ಮಷಿನ್ನಿಗೆ ಸಿಕ್ಕಿಸುವ ಉದ್ದ ಕಡ್ಡಿಯ ಬ್ರಷ್ ಅಂಗಡಿಯಲ್ಲಿ ಸಿಗುತ್ತದೆ. ಹತ್ತು ಹದಿನೈದು ಅಡಿಯ ನೇರ ಕೊಳವೆಗೆ ಅದು ಒಳ್ಳೆಯದೇ. ಆದರೆ ಡ್ರಿಲ್ಲನ್ನು ಒಂದೇ ದಿಕ್ಕಿನಲ್ಲಿ, ಗಡಿಯಾರದ ಮುಳ್ಳಿನ ಕಡೆಗೇ ತಿರುಗಿಸಬೇಕು. ಉಲ್ಟಾ ತಿರುಗಿಸಿದರೆ ಕಡ್ಡಿಗಳ ತಿರುಪು ಬಿಚ್ಚಿಕೊಂಡು ಬ್ರಷ್ ಗೋಡೆಯೊಳಗೇ ಉಳಿಯುತ್ತದೆ. ನಿಮ್ಮದರಂಥ ಉದ್ದ, ತಿರುವಿರುವ ಕೊಳವೆಗೆ ಡಕ್ಟ್ ಸ್ವಚ್ಛ ಮಾಡುವವರನ್ನೇ ಕರೆಸಿ. ಮುಂಚೆ ಮತ್ತು ಆಮೇಲೆ ಹೊರಗಿನ ಗಾಳಿಯ ವೇಗ ಅಳೆದು ತೋರಿಸಿ ಅಂತ ಕೇಳಿ. ಒಳ್ಳೆಯ ಕೆಲಸಗಾರರು ಖುಷಿಯಿಂದ ತೋರಿಸುತ್ತಾರೆ. ಇನ್ನು ಕೊಳವೆ ಮಿತಿ ಮೀರಿದ್ದರೆ ದಾರಿ ಎರಡು. ಹತ್ತಿರದ ಗೋಡೆಗೆ ಹೊಸ ದಾರಿ ಮಾಡಿಸುವುದು, ಇಲ್ಲವೇ ಡ್ರೈಯರ್ ಕೊಳವೆಗೆಂದೇ ಪರೀಕ್ಷಿಸಿ ಮಾಡಿದ, ಗಾಳಿಯನ್ನು ಮುಂದಕ್ಕೆ ತಳ್ಳುವ ಬೂಸ್ಟರ್ ಫ್ಯಾನ್ ಕೂರಿಸುವುದು. ನನ್ನನ್ನು ಕೇಳಿದರೆ ಮೊದಲನೆಯದು. ಫ್ಯಾನ್ ಕೂಡ ಲಿಂಟ್ ಹಿಡಿಯುತ್ತದೆ, ಅದನ್ನೂ ನೋಡಿಕೊಳ್ಳಬೇಕಾಗುತ್ತದೆ.

ಗಾಳಿಯ ದಾರಿ ಪೂರ್ತಿ ತೆರೆದ ಮೇಲೆ ರಿಪೇರಿಯವರನ್ನು ಕರೆಸಿ ಫ್ಯೂಸ್ ಹಾಕಿಸಿ. ಮೊದಲ ಸಲ ಬಂದವರೇ ಆಗಲಿ, ಬೇರೆಯವರಾಗಲಿ, ಈ ಸಲ ಕವಚ ಬಿಚ್ಚಿ ಒಳಗಿನ ಲಿಂಟನ್ನೂ ವ್ಯಾಕ್ಯೂಮ್ ಮಾಡಿಸಿ, ಮುಖ್ಯವಾಗಿ ಹೀಟರಿನ ಸುತ್ತ. ಫ್ಯೂಸ್ ಜೊತೆಗೇ ಹೈ ಲಿಮಿಟ್ ಥರ್ಮೋಸ್ಟಾಟನ್ನೂ ಬದಲಿಸುವುದು ಒಳ್ಳೆಯದು. ಎರಡು ಸಲ ಅಷ್ಟು ಬಿಸಿ ಉಂಡ ಮೇಲೆ ಅದನ್ನು ನಂಬುವುದು ಕಷ್ಟ. ಹಲವು ಮಾಡೆಲ್‌ಗಳಿಗೆ ಇವೆರಡೂ ಒಂದೇ ಪೊಟ್ಟಣದಲ್ಲಿ ಸಿಗುತ್ತವೆ. ಬ್ಲೋವರ್ ಚಕ್ರವನ್ನು ಕೈಯಲ್ಲಿ ಅಲ್ಲಾಡಿಸಿ ನೋಡಲು ಹೇಳಿ. ನಡುವಿನ ತೂತು ಸವೆದಿದ್ದರೆ ಮೋಟರ್ ತಿರುಗಿದರೂ ಚಕ್ರ ಜಾರುತ್ತದೆ, ಗಾಳಿ ಬರುವುದಿಲ್ಲ. ಡ್ರಮ್ಮಿನ ಅಂಚಿನ ಫೆಲ್ಟ್ ಪಟ್ಟಿ ಹರಿದಿದೆಯೇ ಎಂದೂ ನೋಡಲಿ. ಅದು ಹರಿದರೆ ಗಾಳಿ ಹೀಟರ್ ಮೂಲಕ ಬರುವುದು ಬಿಟ್ಟು ಅಡ್ಡದಾರಿ ಹಿಡಿಯುತ್ತದೆ.

ಅಪರೂಪಕ್ಕೆ ಬಿಸಿಯೇ ನಿಜವಾಗಿ ಜಾಸ್ತಿಯಾಗುವುದುಂಟು. ಅದನ್ನು ಪತ್ತೆ ಮಾಡಲು ಸುಲಭದ ದಾರಿ ಇದೆ. ಹೊಸ ಫ್ಯೂಸ್ ಹಾಕಿದ ಮೇಲೆ, ಯಂತ್ರ ಪೂರ್ತಿ ತಣ್ಣಗಿರುವಾಗ, ಬಿಸಿ ಇಲ್ಲದ ಸೆಟ್ಟಿಂಗ್‌ನಲ್ಲಿ ಹತ್ತು ನಿಮಿಷ ಓಡಿಸಿ, ಪಕ್ಕದಲ್ಲೇ ನಿಂತಿರಿ. ಗಾಳಿ ತಣ್ಣಗೇ ಇರಬೇಕು. ಬಿಸಿ ಬಂದರೆ ಆಗಲೇ ನಿಲ್ಲಿಸಿ. ಹೀಟರಿನ ಸುರುಳಿ ಜೋತು ಲೋಹದ ಡಬ್ಬಿಗೆ ತಾಗಿರಬಹುದು. ಹಾಗೆ ತಾಗಿದರೆ ಕರೆಂಟ್ ಥರ್ಮೋಸ್ಟಾಟುಗಳನ್ನು ತಪ್ಪಿಸಿಕೊಂಡು ಹರಿಯುತ್ತದೆ, ಕಾವಲುಗಳು ಇದ್ದೂ ಇಲ್ಲದ ಹಾಗೆ. ಎಲೆಕ್ಟ್ರಾನಿಕ್ ಬೋರ್ಡ್ ಇರುವ ಮಾಡೆಲ್ಲಿನಲ್ಲಿ ಹೀಟರಿನ ರಿಲೇ, ಅಂದರೆ ಅದಕ್ಕೆ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್, ಅಂಟಿಕೊಂಡರೂ ಹೀಗೆ ಬೇಡದಾಗ ಬಿಸಿ ಬರುತ್ತದೆ. ಎರಡೂ ಅಪಾಯ. ಎರಡಕ್ಕೂ ಭಾಗ ಬದಲಿಸುವುದೊಂದೇ ಮದ್ದು.

ಇನ್ನು ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯ. ಊರಿಂದ ಹಿರಿಯರು ಬಂದಿದ್ದಾರೆ ಅಂದಿರಿ. ಎಣ್ಣೆಸ್ನಾನ ಮಾಡುವ ರೂಢಿ ಇರಬಹುದು. ಎಳ್ಳೆಣ್ಣೆ ಒರೆಸಿದ ಟವೆಲ್, ಕರಿದ ಎಣ್ಣೆ ಒರೆಸಿದ ಅಡುಗೆಮನೆ ಬಟ್ಟೆ, ದೀಪದ ಎಣ್ಣೆ ಚೆಲ್ಲಿದ ಪಂಚೆ, ಇವನ್ನು ಡ್ರೈಯರ್‌ಗೆ ಹಾಕಬೇಡಿ. ಒಂದು ಸಲ ಒಗೆದರೆ ಎಣ್ಣೆ ಪೂರ್ತಿ ಹೋಗುವುದಿಲ್ಲ. ಎಳ್ಳು, ಸೂರ್ಯಕಾಂತಿ, ಸೋಯಾ ಎಣ್ಣೆಗಳು ಗಾಳಿಯ ಆಮ್ಲಜನಕದ ಜೊತೆ ಸೇರಿ ತಾವಾಗಿಯೇ ನಿಧಾನಕ್ಕೆ ಬಿಸಿಯಾಗುತ್ತವೆ. ತಂತಿಯ ಮೇಲೆ ಹರಡಿದ ಬಟ್ಟೆಯಲ್ಲಿ ಆ ಬಿಸಿ ಹಾರಿಹೋಗುತ್ತದೆ. ಡ್ರೈಯರ್‌ನಿಂದ ಬಿಸಿಬಿಸಿ ತೆಗೆದು ಬುಟ್ಟಿಯಲ್ಲಿ ಒತ್ತಿಟ್ಟ ರಾಶಿಯಲ್ಲಿ ಅದು ಹೋಗಲು ದಾರಿ ಇಲ್ಲ. ಯಂತ್ರ ನಿಂತು ಗಂಟೆಗಳಾದ ಮೇಲೆ ಬುಟ್ಟಿಯಲ್ಲೇ ಹೊತ್ತಿಕೊಂಡ ಉದಾಹರಣೆಗಳಿವೆ. ಕೊನೆಗೆ ಬರುವ ತಣ್ಣಗಾಗುವ ಹತ್ತು ನಿಮಿಷವನ್ನು ಅವಸರದಲ್ಲಿ ಕಡಿಯಬಾರದು ಎನ್ನುವುದಕ್ಕೂ ಇದೊಂದು ಕಾರಣ. ಎಣ್ಣೆಯ ಬಟ್ಟೆಯನ್ನು ಬಿಸಿನೀರಲ್ಲಿ ಸೋಪು ಹಾಕಿ ಎರಡು ಸಲ ಒಗೆದು, ಹರಡಿ ಒಣಗಿಸಿ.

ಮಂಗಳೂರು, ಮಡಿಕೇರಿ ಕಡೆಯವರೂ ಈಗ ಮಳೆಗಾಲಕ್ಕೆ ಡ್ರೈಯರ್ ಕೊಳ್ಳುತ್ತಿದ್ದಾರೆ. ಅಲ್ಲಿ ಬಹಳ ಮನೆಗಳಲ್ಲಿ ಗೋಡೆಯ ಕೊಳವೆಯೇ ಇರುವುದಿಲ್ಲ. ಆವಿಯನ್ನು ಒಳಗೇ ತಣಿಸಿ ನೀರಾಗಿಸುವ ಕಂಡೆನ್ಸರ್ ಮಾದರಿಯಾದರೆ ಅದರ ಫಿಲ್ಟರ್ ಮತ್ತು ಕಂಡೆನ್ಸರ್ ಎರಡನ್ನೂ ತೊಳೆಯಬೇಕು. ಹೊರಗೆ ಗಾಳಿ ಬಿಡುವ ಮಾದರಿಯಾದರೆ ಕಿಟಕಿ ತೆರೆದಿರಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ, 16 ಆಂಪಿಯರ್ ಸಾಕೆಟ್ಟಿಗೇ ನೇರವಾಗಿ ಹಾಕಿ.

ಹೊಸದು ಕೊಳ್ಳಬೇಕೇ ಅಂದಿರಿ. ಕೊಳವೆ ಸರಿಯಾಗದೆ ಕೊಳ್ಳಬೇಡಿ. ಅದೇ ಕಟ್ಟಿಕೊಂಡ ಕೊಳವೆಗೆ ಹೊಸ ಡ್ರೈಯರ್ ಜೋಡಿಸಿದರೆ ಅದೂ ಹೀಗೇ ಕಾಯುತ್ತದೆ. ಹತ್ತು ವರ್ಷದ ಯಂತ್ರ ಮುದಿಯೇನಲ್ಲ, ಭಾಗಗಳು ಸಿಗುತ್ತವೆ. ಹೊಸ ದಾರಿ ಮಾಡಿಸಲು ಆಗುವುದೇ ಇಲ್ಲ ಅನ್ನುವ ಮನೆಯಾದರೆ ಮಾತ್ರ ಹೀಟ್ ಪಂಪ್ ಡ್ರೈಯರ್ ಯೋಚಿಸಿ. ಅದಕ್ಕೆ ಹೊರಗಿನ ಕೊಳವೆ ಬೇಡ, ಕಡಿಮೆ ಬಿಸಿಯಲ್ಲಿ ಒಣಗಿಸುತ್ತದೆ, ಕರೆಂಟೂ ಕಡಿಮೆ. ಬೆಲೆ ಜಾಸ್ತಿ, ಸಮಯವೂ ಜಾಸ್ತಿ ತಗೊಳ್ಳುತ್ತದೆ. ಅದರ ಫಿಲ್ಟರನ್ನೂ ತಪ್ಪದೆ ತೊಳೆಯಬೇಕು.

ಅಲ್ಲಿಯವರೆಗೆ ಏನು ಮಾಡುವುದು? ವಾಷಿಂಗ್ ಮಷಿನ್ನಿನಲ್ಲಿ ಕೊನೆಯ ಹಿಂಡುವ ಸುತ್ತನ್ನು ಇನ್ನೊಮ್ಮೆ ಓಡಿಸಿ. ಮಡಚುವ ಎರಡು ಸ್ಟ್ಯಾಂಡ್ ತಂದು ಹಾಲ್‌ನಲ್ಲಿ ಹರಡಿ, ಫ್ಯಾನ್ ಹಚ್ಚಿ. ಚಳಿಗೆ ಮನೆಯ ಹೀಟರ್ ಓಡುವ ತಿಂಗಳುಗಳಲ್ಲಿ ನ್ಯೂಜೆರ್ಸಿಯ ಮನೆಯೊಳಗಿನ ಗಾಳಿ ಚರ್ಮ ಬಿರಿಯುವಷ್ಟು ಒಣಗಿರುತ್ತದೆ. ರಾತ್ರಿ ಹರಡಿದ ಮಾವನವರ ಪಂಚೆ ಬೆಳಗಿನ ಕಾಫಿಗೆ ಮುಂಚೆ ಒಣಗಿರುತ್ತದೆ. ಟವೆಲ್ಲಿಗೆ ಇನ್ನರ್ಧ ದಿನ ಬೇಕಾದೀತು.